ಜರ್ಮನಿಯ ರೈಲಿನಲ್ಲಿ ವಿದ್ಯಾರ್ಥಿ: ಪಾಸು, ದಂಡ, ಪರಿಹಾರ

ಜರ್ಮನಿಯಲ್ಲಿ ಓದುವ ವಿದ್ಯಾರ್ಥಿಯ ಓಡಾಟಕ್ಕೆ ಮುಖ್ಯ ಆಧಾರ 'ಡಾಯಿಚ್‌ಲಾಂಡ್ ಟಿಕೆಟ್' ಎಂಬ ಮಾಸಿಕ ಪಾಸು. 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾದ ಇದರ ದರ 2025ರಲ್ಲಿ 58ಕ್ಕೆ, 2026ರ ಜನವರಿಯಲ್ಲಿ 63ಕ್ಕೆ ಏರಿತು. ವಿಶ್ವವಿದ್ಯಾಲಯದ ಒಪ್ಪಂದವಿದ್ದರೆ ವಿದ್ಯಾರ್ಥಿಗೆ ಅದರ ಶೇ. 60ರಷ್ಟು ದರ; ಆ ಹಣ ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತದೆ. ಶುಲ್ಕದ ಚೀಟಿಯನ್ನು ಸರಿಯಾಗಿ ಓದದೆ ಇನ್ನೊಂದು ಪಾಸು ಕೊಂಡವರು ಒಂದೇ ಓಡಾಟಕ್ಕೆ ಎರಡು ಸಲ ತೆರುತ್ತಾರೆ. ಹೊರಗೆ ಕೊಂಡ ಪಾಸು ಚಂದಾ ಇದ್ದಂತೆ: ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ 'ಅರ್ಧ ಬೆಲೆಗೆ ಪಾಸು' ಮಾರುವವರಿಂದ ದೂರವಿರುವುದು ಒಳ್ಳೆಯದು. ಪಾಸಿನ ಮೇಲೆ ಹೆಸರಿರುತ್ತದೆ, ತಪಾಸಣೆಯಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ದಂಡ ಬೀಳುವುದು ಮಾರಿದವನಿಗಲ್ಲ, ಕೊಂಡವನಿಗೆ.

ನಗರದ ಬಸ್ಸು, ಟ್ರಾಮು, ಮೆಟ್ರೊ ಹಾಗೂ ಆರ್‌ಬಿ, ಆರ್‌ಇ ಎಂಬ ಪ್ರಾದೇಶಿಕ ರೈಲುಗಳಿಗೆ ಪಾಸು ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರಪ್ರಯಾಣದ ರೈಲುಗಳಿಗೂ ಫ್ಲಿಕ್ಸ್‌ಬಸ್ಸಿಗೂ ನಡೆಯುವುದಿಲ್ಲ. ಕೆಲವು ಮಾರ್ಗಗಳಲ್ಲಿ ಐಸಿಗೂ ವಿನಾಯಿತಿ ಇದೆ, ಆದರೆ ವೇಳಾಪಟ್ಟಿಯಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ.

ಹೆಚ್ಚು ಜನ ಬೀಳುವ ಗುಂಡಿ ಇಲ್ಲಿದೆ. ರೈಲು ತಡವಾಗಿ, ಗಮ್ಯಕ್ಕೆ 20 ನಿಮಿಷವೋ ಅದಕ್ಕಿಂತ ಹೆಚ್ಚೋ ವಿಳಂಬವಾಗುವಂತಿದ್ದರೆ, ಸಾಮಾನ್ಯ ಟಿಕೆಟ್ಟಿನವರಿಗೆ ಬೇರೆ ರೈಲು ಹಿಡಿಯುವ ಹಕ್ಕಿದೆ. ಈ ಮಾತು ವಿದ್ಯಾರ್ಥಿಗಳ ನಡುವೆ ಬಾಯಿಂದ ಬಾಯಿಗೆ ಹರಡಿದೆ. ಮಾಸಿಕ ಪಾಸಿನವರಿಗೆ ಆ ಹಕ್ಕಿಲ್ಲ ಎಂಬ ಅರ್ಧ ಮಾತ್ರ ಯಾರಿಗೂ ಮುಟ್ಟಿಲ್ಲ. ಪ್ಲಾಟ್‌ಫಾರಂನಲ್ಲಿ ಅದನ್ನು ಕೂಗಿ ಹೇಳುವ ಸಿಬ್ಬಂದಿಯೂ ಇರುವುದಿಲ್ಲ. ತಡವಾದ ಆರ್‌ಇ ಬಿಟ್ಟು, ಟಿಕೆಟ್ಟು ಕೊಳ್ಳದೆ ಐಸಿಇ ಹತ್ತಿದವರು ಟಿಕೆಟ್ಟಿಲ್ಲದ ಪ್ರಯಾಣಿಕರೇ.

ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರೇ ಬಳಿಗೆ ಬಂದು ಟಿಕೆಟ್ಟು ಹರಿದು ಕೊಡುತ್ತಾನೆ. ಜರ್ಮನಿಯ ನಗರ ಸಾರಿಗೆಯಲ್ಲಿ ಗೇಟೂ ಇಲ್ಲ, ಕಂಡಕ್ಟರೂ ಇಲ್ಲ. ಬಾಗಿಲು ಮುಚ್ಚಿದ ಮೇಲೆ ಸಾದಾ ಉಡುಪಿನ ಇಬ್ಬರು ಸೀಟಿನಿಂದೆದ್ದು ಟಿಕೆಟ್ಟು ಕೇಳುತ್ತಾರೆ. ಅವರನ್ನು ಕಂಡ ಮೇಲೆ ಮೊಬೈಲಿನಲ್ಲಿ ಕೊಂಡದ್ದು ಲೆಕ್ಕಕ್ಕಿಲ್ಲ. ಕೆಲವು ನಗರಗಳಲ್ಲಿ ಕೊಂಡ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರಂನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿಕೊಳ್ಳದಿದ್ದರೆ ಅದೂ ಇಲ್ಲದಂತೆಯೇ. ದಂಡ ಕನಿಷ್ಠ 60 ಯುರೋ. ಪ್ರಯಾಣದರದ ಇಮ್ಮಡಿ ಅದಕ್ಕಿಂತ ಹೆಚ್ಚಾದರೆ ಆ ಮೊತ್ತ.

ಹೆಸರಿನ ಪಾಸಿದ್ದೂ ಮೊಬೈಲ್ ಸತ್ತಿತ್ತು ಎನ್ನುವವರಿಗೆ ಒಂದು ದಾರಿಯಿದೆ. ಒಂದು ವಾರದೊಳಗೆ, ಆ ಹೊತ್ತಿಗೆ ಪಾಸು ಚಾಲ್ತಿಯಲ್ಲಿತ್ತೆಂದು ತೋರಿಸಿದರೆ ದಂಡ 7 ಯುರೋಗೆ ಇಳಿಯುತ್ತದೆ. ವಾರ ಕಳೆದರೆ ಪೂರ್ತಿ ದಂಡ. ಜರ್ಮನ್ ಭಾಷೆಯ ನೋಟಿಸು ಅರ್ಥವಾಗಲಿಲ್ಲವೆಂದು ಡ್ರಾಯರಿನಲ್ಲಿ ಇಟ್ಟವರಿಗೆ ವಸೂಲಿ ಏಜೆನ್ಸಿಯ ಖರ್ಚೂ ಸೇರಿದ ಬಿಲ್ಲು ಬರುತ್ತದೆ. ಪದೇ ಪದೇ ಸಿಕ್ಕಿಬಿದ್ದವರ ಮೇಲೆ ದಂಡಸಂಹಿತೆಯ 265ಎ ಕಲಮಿನಡಿ ದೂರು ದಾಖಲಾಗಬಹುದು; ಗರಿಷ್ಠ ಶಿಕ್ಷೆ ಒಂದು ವರ್ಷ.

ತಡವಾದ ರೈಲಿಗೆ ಪರಿಹಾರವೂ ಇದೆ. ಸಾಮಾನ್ಯ ಟಿಕೆಟ್ಟಿಗೆ 60 ನಿಮಿಷ ತಡವಾದರೆ ಶೇ. 25, 120 ನಿಮಿಷಕ್ಕೆ ಶೇ. 50. ಪಾಸಿನವರಿಗೆ ಗಂಟೆ ಮೀರಿದ ಪ್ರತಿ ತಡಕ್ಕೆ 1.50 ಯುರೋ. 4 ಯುರೋಗಿಂತ ಕಡಿಮೆ ಮೊತ್ತವನ್ನು ರೈಲು ಕಂಪನಿಗಳು ಕೊಡುವುದೇ ಇಲ್ಲವಾದ್ದರಿಂದ ಮೂರು ತಡಗಳನ್ನು ಒಟ್ಟುಗೂಡಿಸಿ ಅರ್ಜಿ ಹಾಕಬೇಕು. ಮೂರು ತಿಂಗಳು ದಾಟಿದ ತಡಕ್ಕೆ ಬಿಡಿಗಾಸೂ ಸಿಗುವುದಿಲ್ಲ.