ಹೆಡ್‌ಲೈಟ್ ಬಲ್ಬ್ ಪದೇ ಪದೇ ಹೋಗ್ತಿದ್ಯಾ? ದೊಡ್ಡ ಬಲ್ಬ್ ಹಾಕೋ ಮುಂಚೆ ಎರಡು ಕಡೆ ವೋಲ್ಟೇಜ್ ನೋಡಿ

ಈ ವಾರ ಬೆಳೆಯ ವಿಚಾರ ಅಲ್ಲ, ಬೆಳೆ ಹೊರುವ ಗಾಡಿಯ ವಿಚಾರ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಮ್ಮ ಅರ್ಧ ಓಡಾಟ ಕತ್ತಲೆಯಲ್ಲೇ. ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ತರಕಾರಿ ಹಾಕಬೇಕಾದರೆ ಬೆಳಗಿನ ಜಾವವೇ ಹೊರಡಬೇಕು. ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ತಂಬಾಕು ಬೇಲ್ ತಗೊಂಡು ಹೋದರೆ ವಾಪಸ್ ಬರೋದು ಎಷ್ಟೊತ್ತಿಗೋ ಗೊತ್ತಿಲ್ಲ. ರಾತ್ರಿ ಪಾಳಿ ತ್ರೀ ಫೇಸ್ ಬಂದರೆ ಮೋಟಾರ್ ಹಾಕೋಕೆ ತೋಟಕ್ಕೆ ಹೋಗಬೇಕು. ವೀರನಹೊಸಹಳ್ಳಿ, ಅಂತರಸಂತೆ ಕಡೆ ಕಾಡಂಚಿನ ರಸ್ತೆಯಲ್ಲಿ ಎದುರಿಗೆ ಆನೆಯೂ ಬರಬಹುದು. ಹೀಗಿರುವಾಗ ಹೆಡ್‌ಲೈಟ್ ಮಂಕಾಗಿದ್ದರೆ ಯಾರಿಗಾದರೂ ಅನ್ನಿಸೋದು ಒಂದೇ: ದೊಡ್ಡ ಬಲ್ಬ್ ಹಾಕಿಸೋಣ. ನನಗೂ ಹಾಗೇ ಅನ್ನಿಸಿತ್ತು. ಅದರಿಂದ ಏನಾಯ್ತು ಅಂತ ಮೊದಲು ಹೇಳ್ತೀನಿ, ಆಮೇಲೆ ಏನು ಮಾಡಬೇಕು ಅಂತ ಹೇಳ್ತೀನಿ.

ನಾನು ಮಾಡಿದ ತಪ್ಪು

ನನ್ನದು ಹತ್ತು ವರ್ಷ ಹಳೇ ಪಿಕಪ್. ಅದರಲ್ಲಿರೋದು ಎಚ್4 ಹ್ಯಾಲೋಜನ್ ಬಲ್ಬ್, 60/55 ವ್ಯಾಟ್. ಅಂದರೆ ಹೈ ಬೀಮ್‌ಗೆ 60, ಡಿಮ್‌ಗೆ 55. ಮಳೆಗಾಲದಲ್ಲಿ ರಸ್ತೆ ಸರಿಯಾಗಿ ಕಾಣ್ತಿಲ್ಲ ಅಂತ ಮೈಸೂರಿನಿಂದ 100/90 ವ್ಯಾಟ್ ಬಲ್ಬ್ ತಂದು ಹಾಕಿದೆ. ಮೊದಲ ದಿನ ಖುಷಿಯೋ ಖುಷಿ. ಎರಡು ತಿಂಗಳಿಗೆ ಬಾನೆಟ್ ಒಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ತೆಗೆದು ನೋಡಿದರೆ ಬಲ್ಬ್ ಹೋಲ್ಡರ್ ಕರಗಿ, ವೈರ್ ಕಂದು ಬಣ್ಣಕ್ಕೆ ತಿರುಗಿತ್ತು.

ಹೋಲ್ಡರ್ ಬದಲಾಯಿಸಿ ಮತ್ತೆ 60/55 ಬಲ್ಬ್‌ಗೇ ಬಂದೆ. ಮಂಕು ಮಾತ್ರ ಹಾಗೇ ಇತ್ತು. ಬಲ್ಬ್ ಹತ್ತಿರ ಮೀಟರ್ ಹಿಡಿದರೆ 11.8 ವೋಲ್ಟ್. ವೈರಿಂಗ್‌ನಲ್ಲೇ ವೋಲ್ಟೇಜ್ ಬಿದ್ದು ಹೋಗ್ತಿದೆ ಅಂತ ಗೊತ್ತಾಗಿ, ರಿಲೇ ಹಾಕಿಸಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿದೆ. ಬೆಳಕು ಹಾಲು ಚೆಲ್ಲಿದ ಹಾಗೆ ಬಂತು. ಆದರೆ ಮೂರು ವಾರಕ್ಕೆ ಬಲಗಡೆ ಬಲ್ಬ್ ಹೋಯ್ತು. ಹೊಸದು ಹಾಕಿದೆ, ಅದೂ ತಿಂಗಳು ಬಾಳಲಿಲ್ಲ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರ ಅಂತ ಅಂಗಡಿಯವರ ಜೊತೆ ಜಗಳವೂ ಆಡಿ ಬಂದೆ.

ಆ ಎರಡನೇ ಬಲ್ಬ್ ಹೋಗಿದ್ದು ಕಾರ್ತಿಕ ಮಾಸದ ಒಂದು ಸಂಜೆ. ಮಾರ್ಕೆಟ್‌ನಿಂದ ಖಾಲಿ ಗಾಡಿ ತಗೊಂಡು ಬರ್ತಿದ್ದೆ. ಬಿಳಿಕೆರೆ ದಾಟಿ ನಮ್ಮೂರ ರಸ್ತೆಗೆ ತಿರುಗಿದ ಮೇಲೆ ಬಲಗಣ್ಣು ಆರಿತು. ಇನ್ನೇನು ನಾಲ್ಕು ಕಿಲೋಮೀಟರ್, ಹೋಗಿಬಿಡೋಣ ಅಂತ ಮುಂದಕ್ಕೆ ಬಂದೆ. ಎದುರಿಗೆ ಡೇರಿಗೆ ಹಾಲು ಹಾಕಿ ಬರ್ತಿದ್ದ ಒಬ್ಬರ ಬೈಕ್. ಹತ್ತಿರ ಬಂದರೂ ಅವರು ಪಕ್ಕಕ್ಕೆ ಸರಿಯಲಿಲ್ಲ. ಕೊನೇ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿದರು. ಕ್ಯಾನ್ ನನ್ನ ಗಾಡಿಯ ಕನ್ನಡಿಗೆ ಬಡೀತು, ಬೈಕ್ ಚರಂಡಿಗೆ ಇಳೀತು.

ಓಡಿಹೋಗಿ ಎತ್ತಿದೆ. ಮಂಡಿ ತರಚಿತ್ತು, ಕೈ ನಡುಗುತ್ತಿತ್ತು. ದೇವರ ದಯೆ, ಬೇರೇನೂ ಆಗಿರಲಿಲ್ಲ. ಅವರು ಬೈಯಲಿಲ್ಲ. "ಒಂದೇ ಲೈಟು ಕಾಣ್ತಲ್ಲ, ಎದುರಿಗೆ ಬರ್ತಿರೋದು ಬೈಕ್ ಅನ್ಕೊಂಡೆ ಕಣಣ್ಣ. ಅಷ್ಟಗಲದ ಗಾಡಿ ಇದೆ ಅಂತ ನಂಗೇನು ಗೊತ್ತು?" ಅಂದರು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನಮ್ಮ ರಸ್ತೆಯಲ್ಲಿ ಎದುರಿನವರಿಗೆ ಹತ್ತಿರ ಇರೋದು ನಮ್ಮ ಬಲಗಡೆ ಲೈಟು. ಅದು ಆರಿದರೆ ಅವರಿಗೆ ಕಾಣೋದು ದೂರದ ಎಡಗಡೆ ಲೈಟು ಮಾತ್ರ, ನಡುವಿನ ಐದೂವರೆ ಅಡಿ ಗಾಡಿ ಕಾಣೋದೇ ಇಲ್ಲ. ಬಲ್ಬ್ ಸುಡೋದು ಬರೀ ದುಡ್ಡಿನ ನಷ್ಟ ಅಲ್ಲ ಅಂತ ನನಗೆ ಅವತ್ತು ಅರ್ಥವಾಯ್ತು.

ಕಾಯಿಲೆ ಸಿಕ್ಕಿದ್ದು ಬ್ಯಾಟರಿ ಹತ್ತಿರ

ಮಾರನೇ ದಿನ ಹುಣಸೂರಿನಲ್ಲಿ ನಮ್ಮ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಅಣ್ಣನ ಹತ್ತಿರ ಹೋದೆ. ಅವರು ಬಲ್ಬ್ ಮುಟ್ಟಲೇ ಇಲ್ಲ. ಇಂಜಿನ್ ಚಾಲೂ ಮಾಡಿಸಿ, ಸ್ವಲ್ಪ ಎಕ್ಸಲೇಟರ್ ಒತ್ತಿಸಿ, ಮೀಟರ್ ಕಡ್ಡಿಗಳನ್ನು ನೇರ ಬ್ಯಾಟರಿಗೆ ಇಟ್ಟರು. 15.4 ವೋಲ್ಟ್.

"ಬ್ಯಾಟರಿಗೆ ಎಷ್ಟು ದಿನಕ್ಕೊಂದ್ಸಲ ನೀರು ಹಾಕ್ತೀಯ?"

"ಹದಿನೈದು ದಿನಕ್ಕೊಂದ್ಸಲ ಅಣ್ಣ."

"ಅಲ್ಲೇ ಇದ್ಯಲ್ಲಪ್ಪ ಕಾಯಿಲೆ. ಚಾರ್ಜಿಂಗ್ ಜಾಸ್ತಿಯಾಗಿ ಬ್ಯಾಟರಿ ನೀರು ಕುದ್ದು ಹೋಗ್ತಿದೆ. ಬಲ್ಬ್ ಬಾಳ್ತದಾ?"

ಆಲ್ಟರ್ನೇಟರ್‌ನ ರೆಗ್ಯುಲೇಟರ್ ಕೆಟ್ಟಿತ್ತು. ಅದು ತುಂಬಾ ದಿನದಿಂದ ಕೆಟ್ಟಿದ್ದರೂ ಹಳೇ ವೈರಿಂಗ್ ವೋಲ್ಟೇಜ್ ತಿಂದುಹಾಕುತ್ತಿದ್ದರಿಂದ ಬಲ್ಬ್ ಬದುಕಿತ್ತು. ನಾನು ರಿಲೇ ಹಾಕಿ ದಾರಿ ಸರಿಮಾಡಿದ ತಕ್ಷಣ ಹೆಚ್ಚುವರಿ ವೋಲ್ಟೇಜ್ ಪೂರ್ತಿ ಬಲ್ಬ್‌ಗೇ ಹೊಡೆಯಿತು. ಒಂದೇ ಗಾಡಿಯಲ್ಲಿ ಎರಡು ರೋಗ, ಒಂದು ಇನ್ನೊಂದನ್ನು ಮುಚ್ಚಿತ್ತು. ನಾನು ಒಂದೇ ಕಡೆ ಅಳತೆ ಮಾಡಿದ್ದು ತಪ್ಪು. ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಬ್ಯಾಟರಿಯಲ್ಲಿ 14.2 ನಿಂತಿತು. ಆಮೇಲೆ ಹಾಕಿದ ಮಾಮೂಲಿ 60/55 ಬಲ್ಬ್‌ಗಳು ಇನ್ನೂ ಉರಿಯುತ್ತಿವೆ.

ವೋಲ್ಟೇಜ್ ಲೆಕ್ಕ, ನಮ್ಮ ಭಾಷೆಯಲ್ಲಿ

ಹನಿ ನೀರಾವರಿ ಪೈಪಿನ ಕೊನೇ ಗಿಡಕ್ಕೆ ಒತ್ತಡ ಸಾಲದೆ ನೀರು ತೊಟ್ಟಿಕ್ಕೋದು ನೋಡಿದ್ದೀರಿ. ಮಂಕು ಬಲ್ಬ್ ಕಥೆಯೂ ಅದೇ. ವೈರ್ ಸಣ್ಣದಾದರೆ, ಸ್ವಿಚ್ ಸವೆದರೆ, ಅರ್ತ್‌ಗೆ ತುಕ್ಕು ಹಿಡಿದರೆ ವೋಲ್ಟೇಜ್ ದಾರಿಯಲ್ಲೇ ಬೀಳುತ್ತದೆ. ಈ ಬಲ್ಬ್‌ಗಳ ಮೇಲೆ 12 ವೋಲ್ಟ್ ಅಂತ ಬರೆದಿದ್ದರೂ ಪರೀಕ್ಷೆ ಮಾಡೋದು 13.2 ವೋಲ್ಟ್‌ನಲ್ಲಿ. ಅಲ್ಲಿಂದ 11.8ಕ್ಕೆ ಇಳಿದರೆ ಸುಮಾರು ಮೂರನೇ ಒಂದು ಭಾಗ ಬೆಳಕು ಹೋಯ್ತು ಅಂತಲೇ ಲೆಕ್ಕ. 11ಕ್ಕೆ ಇಳಿದರೆ ಉಳಿಯೋದು ಅರ್ಧ ಚಿಲ್ಲರೆ.

ಇನ್ನೊಂದು ಕಡೆ, ರಾತ್ರಿ ಎಲ್ಲರ ಪಂಪ್‌ಸೆಟ್ ನಿಂತಾಗ ಲೈನ್‌ನಲ್ಲಿ ವೋಲ್ಟೇಜ್ ಏರಿ ಮನೆ ಬಲ್ಬ್ ಪಟ್ ಅಂತ ಹೋಗೋದೂ ಗೊತ್ತು. ಹ್ಯಾಲೋಜನ್ ಬಲ್ಬ್‌ಗೆ ಶೇ. 5ರಷ್ಟು ವೋಲ್ಟೇಜ್ ಜಾಸ್ತಿಯಾದರೆ ಆಯಸ್ಸು ಹೆಚ್ಚೂಕಮ್ಮಿ ಅರ್ಧವಾಗುತ್ತದೆ. 15 ವೋಲ್ಟ್ ದಾಟಿದರೆ ತಿಂಗಳು ಬಾಳಿದರೇ ಹೆಚ್ಚು.

ದೊಡ್ಡ ಬಲ್ಬ್ ಯಾಕೆ ಬೇಡ? 60 ವ್ಯಾಟ್ ಬಲ್ಬ್ ಒಂದಕ್ಕೆ 5 ಆಂಪ್ಸ್ ಬೇಕು, ಎರಡಕ್ಕೆ 10. 100 ವ್ಯಾಟ್ ಆದರೆ ಎರಡಕ್ಕೆ ಸುಮಾರು 17 ಆಂಪ್ಸ್. ವೈರ್ ಅದೇ ಇದ್ದರೆ ಅದರಲ್ಲಿ ಹುಟ್ಟುವ ಬಿಸಿ ಎರಡು ಪಟ್ಟಲ್ಲ, ಹತ್ತಿರ ಹತ್ತಿರ ಮೂರು ಪಟ್ಟು. ಹೋಲ್ಡರ್ ಕರಗೋದು ಇದಕ್ಕೇ.

ನೀವೇ ಮಾಡಬಹುದಾದ ಪರೀಕ್ಷೆ

ಮುನ್ನೂರು, ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಫ್ಯಾನ್ ಬೆಲ್ಟ್ ಹತ್ತಿರ ಟವೆಲ್, ಲುಂಗಿ, ಕೈ ಹೋಗದಂತೆ ಜೋಪಾನ.

1. ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಸ್ವಲ್ಪ ಎಕ್ಸಲೇಟರ್ ಕೊಟ್ಟು ಬ್ಯಾಟರಿಯಲ್ಲಿ ನೋಡಿ. 13.8ರಿಂದ 14.5 ಇದ್ದರೆ ಸರಿ. 15 ದಾಟಿದರೆ ಮೊದಲು ಚಾರ್ಜಿಂಗ್ ರಿಪೇರಿ, ಬಲ್ಬ್ ಆಮೇಲೆ.
2. ಲೈಟ್ ಉರಿಯುತ್ತಿರುವಾಗಲೇ ಹೋಲ್ಡರ್ ಹಿಂಭಾಗದಲ್ಲಿ ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟ್‌ವರೆಗೆ ಕಮ್ಮಿ ಇದ್ದರೆ ಪರವಾಗಿಲ್ಲ. ಒಂದು ವೋಲ್ಟ್‌ಗಿಂತ ಹೆಚ್ಚು ಬಿದ್ದಿದ್ದರೆ ವೈರಿಂಗ್ ಕೆಲಸ ಇದೆ.
3. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಲ್ಬ್‌ನ ಅರ್ತ್‌ಗೆ ಇಡಿ. ಸೊನ್ನೆ ಹತ್ತಿರ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಖರ್ಚಿಲ್ಲದ ಕೆಲಸ, ಎಷ್ಟೋ ಗಾಡಿಗಳ ಮಂಕು ಇಲ್ಲೇ ಹೋಗುತ್ತದೆ.

ಸುಟ್ಟ ಬಲ್ಬ್ ಎಸೆಯಬೇಡಿ, ಅದೇ ಸಾಕ್ಷಿ

ಗಾಜು ಒಳಗಡೆ ಕಪ್ಪಾಗಿದ್ದರೆ ವಯಸ್ಸಾಗಿ ಹೋಗಿದೆ, ಇಲ್ಲವೇ ವೋಲ್ಟೇಜ್ ಜಾಸ್ತಿ. ಗಾಜು ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ಅದುರುವಿಕೆಯ ಅನುಮಾನ. ಬಲ್ಬ್ ಹಿಡಿಯುವ ಕ್ಲಿಪ್, ಹೆಡ್‌ಲೈಟ್ ಬೋಲ್ಟ್ ಸಡಿಲ ಇದೆಯಾ ನೋಡಿ. ಹೊಲದಲ್ಲಿ ಓಡಾಡುವ ಟ್ರ್ಯಾಕ್ಟರ್‌ಗೆ ಇದು ಸಾಮಾನ್ಯ. ಒಳಗೆ ಬಿಳಿ ಪುಡಿ ಕಂಡರೆ ಗಾಜು ಬಿರುಕು ಬಿಟ್ಟು ಗಾಳಿ ನುಗ್ಗಿದೆ. ಗಾಜು ಗುಳ್ಳೆ ಎದ್ದಿದ್ದರೆ ಯಾರೋ ಬರಿಗೈಯಲ್ಲಿ ಮುಟ್ಟಿರಬಹುದು. ಕೈಯ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಗಾಜು ಸೋಲುತ್ತದೆ. ಹೊಸ ಬಲ್ಬ್ ಹಾಕುವಾಗ ತಳ ಮಾತ್ರ ಹಿಡಿಯಿರಿ. ಗಾಜು ಮುಟ್ಟಿಬಿಟ್ಟರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಿ.

ಇನ್ನೊಂದು ಮಾತು. ಬ್ಯಾಟರಿ ವೀಕ್ ಆಗಿದೆ ಅಂತ ಟ್ರ್ಯಾಕ್ಟರ್ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ವೈರ್ ತೆಗೆದು ಓಡಿಸುವವರಿದ್ದಾರೆ. ಹಾಗೆ ಮಾಡಬೇಡಿ. ವೋಲ್ಟೇಜ್ ಹಿಡಿತ ತಪ್ಪಿ ಬಲ್ಬ್ ಜೊತೆಗೆ ಆಲ್ಟರ್ನೇಟರ್ ಕೂಡ ಹೋಗಬಹುದು.

ರಿಲೇ ಹಾಕಿಸುವುದಾದರೆ

ಚಾರ್ಜಿಂಗ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಈ ಕೆಲಸ. ವೈರ್ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ, ವಾಪಸ್ ಜೋಡಿಸುವಾಗ ಬೇಕಾಗುತ್ತದೆ. ಬ್ಯಾಟರಿ ಮೈನಸ್ ಮೊದಲು ತೆಗೆಯಿರಿ. ರಿಲೇಯಲ್ಲಿ ನಂಬರ್ ಇರುತ್ತದೆ: 30ಕ್ಕೆ ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಬಲ್ಬ್‌ಗೆ, 86ಕ್ಕೆ ಹಳೇ ಹೆಡ್‌ಲೈಟ್ ವೈರ್, 85 ಅರ್ತ್‌ಗೆ. ಹೈ ಬೀಮ್‌ಗೊಂದು, ಡಿಮ್‌ಗೊಂದು ರಿಲೇ ಬೇಕು. 2.5 ಚದರ ಮಿ.ಮೀ. ವೈರ್, 15 ಆಂಪ್ಸ್ ಫ್ಯೂಸ್ ಎರಡು 60 ವ್ಯಾಟ್ ಬಲ್ಬ್‌ಗೆ ಸಾಕು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರೋದು ಅರ್ತ್ ಕಡೆ, ಅಲ್ಲಿ ಜೋಡಣೆ ಬೇರೆ. ಅನುಮಾನ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ವಾರಂಟಿ ಇರುವ ಹೊಸ ಗಾಡಿಯ ವೈರ್ ಕತ್ತರಿಸಲೇಬೇಡಿ.

ಎಲ್‌ಇಡಿ ಹಾಕಬಹುದಾ?

ಇದನ್ನೇ ಎಲ್ಲರೂ ಕೇಳೋದು. ಹ್ಯಾಲೋಜನ್ ಹೆಡ್‌ಲೈಟ್‌ನ ರಿಫ್ಲೆಕ್ಟರ್ ಅನ್ನು ಫಿಲಮೆಂಟ್ ಇರುವ ಜಾಗದ ಲೆಕ್ಕದಲ್ಲಿ ಮಾಡಿರುತ್ತಾರೆ. ಅದರಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಮಗೆ ಹತ್ತಿರದ ರಸ್ತೆ ಬೆಳ್ಳಗೆ ಕಾಣುತ್ತದೆ, ದೂರದ ಹಳ್ಳ, ದನ ಕಾಣಲ್ಲ. ಹಿಂದಿನ ಪುಟ್ಟ ಫ್ಯಾನ್‌ಗೆ ನಮ್ಮ ಧೂಳು ಹಿಡಿದರೆ ಎಲ್‌ಇಡಿಯೂ ಬೇಗ ಸುಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ಮೇಲೆ ಕೇಸ್ ಹಾಕಲು ಶುರು ಮಾಡಿದ್ದಾರೆ.

ರಾತ್ರಿ ಉಳುಮೆಗೆ ಬೆಳಕು ಬೇಕಾದರೆ ಟ್ರ್ಯಾಕ್ಟರ್‌ಗೆ ಬೇರೆ ಎಲ್‌ಇಡಿ ದೀಪ, ಬೇರೆ ಸ್ವಿಚ್, ಬೇರೆ ಫ್ಯೂಸ್ ಹಾಕಿಸಿ. ಹೊಲದಲ್ಲಿ ಮಾತ್ರ ಉರಿಸಿ, ರಸ್ತೆಗೆ ಬಂದ ತಕ್ಷಣ ಆರಿಸಿ.

ಕೊನೆಯದು: ಗಾಜು ಮತ್ತು ಕೋನ

ಬಿಸಿಲಿಗೆ ಹಳದಿಯಾದ ಹೆಡ್‌ಲೈಟ್ ಗಾಜು ಪಾಲಿಶ್ ಮಾಡಿಸಿ. ಆಮೇಲೆ ಸಮತಟ್ಟಾದ ಜಾಗದಲ್ಲಿ ಗೋಡೆಗೆ ಹತ್ತಿರ ನಿಲ್ಲಿಸಿ, ಲೈಟಿನ ಮಧ್ಯದ ಎತ್ತರವನ್ನು ಗೋಡೆ ಮೇಲೆ ಗುರುತು ಮಾಡಿ. 25 ಅಡಿ ಹಿಂದೆ ಬಂದು ಡಿಮ್ ಹಾಕಿ. ಬೆಳಕಿನ ಮೇಲಂಚು ಗುರುತಿಗಿಂತ ಎರಡು ಮೂರು ಇಂಚು ಕೆಳಗೆ ಬೀಳಬೇಕು. ಎಡಗಡೆ ಸ್ವಲ್ಪ ಮೇಲೆ ಏರಿದ್ದರೆ ಅದು ಸರಿಯೇ, ರಸ್ತೆ ಪಕ್ಕ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಪಿಕಪ್ ಇರುವವರು ಮಾಮೂಲಿ ಹೊರುವಷ್ಟು ಲೋಡ್ ಹಾಕಿಯೇ ಇದನ್ನು ನೋಡಿ. ಹಿಂದೆ ಲೋಡ್ ಕೂತರೆ ಮೂತಿ ಮೇಲೆದ್ದು ಲೈಟು ಎದುರಿನವರ ಮುಖಕ್ಕೇ ಹೋಗುತ್ತದೆ.

ಮಂಜು ಕವಿದಾಗ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಡಿಮ್ ಹಾಕಿ ನಿಧಾನ ಹೋಗಿ. ಗಾಡಿಯಲ್ಲಿ ಯಾವಾಗಲೂ ಒಂದು ಹೊಸ ಬಲ್ಬ್ ಇರಲಿ, ಡಬ್ಬಿ ಸಮೇತ ಬಟ್ಟೆಯಲ್ಲಿ ಸುತ್ತಿಡಿ. ಬದಲಾಯಿಸೋದು ಹಗಲಲ್ಲೇ ಒಂದು ಸಲ ಅಭ್ಯಾಸ ಮಾಡಿಕೊಳ್ಳಿ, ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಕಲಿಯೋಕೆ ಆಗಲ್ಲ.

ಹಾಲಿನ ಕ್ಯಾನ್ ಅಣ್ಣ ಈಗಲೂ ಅದೇ ರಸ್ತೆಯಲ್ಲಿ ಸಿಗ್ತಾರೆ. ದೂರದಿಂದಲೇ ಡಿಮ್ ಮಾಡ್ತೀನಿ, ಅವರೂ ಮಾಡ್ತಾರೆ. ಇವತ್ತು ಸಂಜೆ ಹೊರಡುವ ಮುಂಚೆ ಗಾಡಿ ಮುಂದೆ ನಿಂತು ಎರಡು ಲೈಟೂ ಉರಿಯುತ್ತಿವೆಯಾ ಅಂತ ಒಂದು ಸಲ ನೋಡಿ. ಅರ್ಧ ನಿಮಿಷದ ಕೆಲಸ.