ಗೋಡೆಗೂ ಕಿವಿಯುಂಟು!



ಘೋಣಸಗಿ, ತಿಕೋಟಾ ಕಡೆಯವರು ವಿಜಯಪುರಕ್ಕೆ ಹೋದರೆ ಗೋಳಗುಮ್ಮಟ ಹತ್ತದೆ ಬರುವುದುಂಟೇ? 1656ರಲ್ಲಿ ತೀರಿಕೊಂಡ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ.

ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯ ಗೆಳೆಯನಿಗೆ ಕೇಳಿಸುತ್ತದೆ. ಹೇಗೆ? ಪರಾತದಲ್ಲಿ ಗೋಲಿಯನ್ನು ಜೋರಾಗಿ ಬಿಡಿ. ಅದು ಅಂಚಿಗೆ ಒತ್ತಿಕೊಂಡೇ ಸುತ್ತುತ್ತದೆ. ಹಾಗೆಯೇ ದನಿಯೂ ಎಲ್ಲೆಡೆ ಚದುರದೆ ಬಾಗಿದ ಗೋಡೆಯ ಗುಂಟ ಸಾಗುತ್ತದೆ. ನಮ್ಮ ವಿಜ್ಞಾನಿ ಸಿ.ವಿ. ರಾಮನ್ ಅವರೂ 1920ರ ದಶಕದ ಆರಂಭದಲ್ಲಿ ಇದನ್ನು ಅಭ್ಯಾಸಮಾಡಿದ್ದರು.

ಚಪ್ಪಾಳೆ ಹಲವು ಬಾರಿ ಮರುಗುಡುವುದೇಕೆ? ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮರುದನಿ ಬೇರೆಯಾಗಿ ಕೇಳಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಅಂತರ ಬೇಕು. ಮನೆಯ ಗೋಡೆ ಹತ್ತಿರ, ಆದ್ದರಿಂದ ಎರಡೂ ಬೆರೆತುಹೋಗುತ್ತವೆ. ಗುಮ್ಮಟದಲ್ಲಿ ಅದು ಹೋಗಿ ಬರುವ ದಾರಿಯೇ 76 ಮೀಟರ್!

ಆದರೆ ಅಲ್ಲಿ ಹಾಡುವುದು ಕಷ್ಟ. ಒಂದು ಪದದ ಮೇಲೆ ಹಿಂದಿನ ಪದದ ಮರುದನಿ ಬಂದು ಬೀಳುತ್ತದೆ. ಬಯಲಾಟದ ಬಯಲಿನಲ್ಲಿ ಈ ಗೊಂದಲವಿಲ್ಲ. ಆದರೆ ದನಿ ಬೇಗ ತೆಳುವಾಗುವುದರಿಂದ ಕಲಾವಿದರು ಏರುದನಿಯಲ್ಲೇ ಹಾಡಬೇಕು.

ಮಾಡಿ ನೋಡಿ: ದೊಡ್ಡ ಗೋಡೆಯೊಂದರಿಂದ 30 ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿ. ಮೆಲ್ಲನೆ ಹತ್ತಿರ ಬನ್ನಿ. ಸುಮಾರು 17 ಮೀಟರಿಗೆ ಬಂದಾಗ ಮರುದನಿ ಚಪ್ಪಾಳೆಯಲ್ಲೇ ಕರಗುತ್ತದೆ.

ಗುಮ್ಮಟಕ್ಕೆ ಹೋದವರು ಸಾಮಾನ್ಯವಾಗಿ ಕೂಗುತ್ತಾರೆ. ಆಗ ಯಾರ ಪಿಸುಮಾತೂ ಯಾರಿಗೂ ಮುಟ್ಟುವುದಿಲ್ಲ. ಮುಂದಿನ ಸಲ ನೀವು ಸುಮ್ಮನೆ ನಿಂತು ಕೇಳಿ. ಮನೆಯಲ್ಲೂ ಅಷ್ಟೇ: ಎಲ್ಲರೂ ಕೂಗಿದರೆ ಅಜ್ಜಿಯ ಮೆಲುದನಿ ಕೇಳಿಸೀತೇ?