ಕೆಂಚನ ಜಾತಕ

ಪುಟ್ಟಿ,

ಕೆಂಚನಿಗೆ ಮನೆ ಹುಡುಕಲು ನೀನು ಬರೆದ ನಾಲ್ಕು ಸಾಲು ಓದಿದೆ. ‘ಮುದ್ದಾದ ಗಂಡು ನಾಯಿ. ನಾಲ್ಕು ವರ್ಷ. ಎಲ್ಲರ ಜೊತೆ ಹೊಂದಿಕೊಳ್ಳುತ್ತಾನೆ. ಪ್ರೀತಿಸುವ ಮನೆ ಬೇಕು.’ ಫೋಟೋ ಚೆನ್ನಾಗಿದೆ. ಎಳೆ ಬಿಸಿಲಿಗೆ ಅವನ ಮೈ ಹೊಸ ಹೆಂಚಿನ ಹಾಗೆ ಹೊಳೆಯುತ್ತಿದೆ. ಆದರೆ ಆ ಫೋಟೋ ತೆಗೆಯುವಾಗ ನಿನ್ನ ಪಕ್ಕದಲ್ಲಿ ನಿಂತಿದ್ದವಳು ನಾನು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಹೆಲ್ಮೆಟ್ ತೆಗೆಯದೆ ಒಳಗೆ ಕಾಲಿಟ್ಟಾಗ ಕೆಂಚ ಏನು ಮಾಡಿದ ಅಂತ ಇಬ್ಬರಿಗೂ ಗೊತ್ತು. ಹಗ್ಗ ಉಜ್ಜಿ ತರಚಿದ ನಿನ್ನ ಅಂಗೈ ಇನ್ನೂ ಮಾಗಿರಲಿಕ್ಕಿಲ್ಲ.

ಫೋನಿನಲ್ಲಿ ಹೇಳಿದರೆ ‘ಹ್ಞೂಂ ಅತ್ತೆ, ಹ್ಞೂಂ ಅತ್ತೆ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ. ಮನುಷ್ಯರಲ್ಲಿ ಅದು ಹೇಗೋ ನಡೆದುಕೊಂಡು ಬಂದಿದೆ. ಸುಳ್ಳು ಬಯಲಾದ ಮೇಲೂ ‘ಹೊಂದಿಕೊಂಡು ಹೋಗಮ್ಮ’ ಅನ್ನಲು ಎರಡೂ ಕಡೆ ಹಿರಿಯರಿರುತ್ತಾರೆ. ನಾಯಿಯ ಪರವಾಗಿ ಹಾಗೆ ಹೇಳುವವರು ಯಾರೂ ಇಲ್ಲ. ಎಂಟು ದಿನದಲ್ಲಿ ಆಟೋದಲ್ಲಿ ಹಾಕಿಕೊಂಡು ವಾಪಸ್ ತಂದು ಬಿಡುತ್ತಾರೆ.

ನಾನೂ ಆ ಸುಳ್ಳು ಹೇಳಿದವಳೇ. ಆಗಿನ್ನೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಶೆಲ್ಟರಿಗೆ ಭಾನುವಾರ ಮಾತ್ರ ಹೋಗುತ್ತಿದ್ದೆ. ಒಂದು ಬಿಳಿ ಪೊಮೆರೇನಿಯನ್ ಮಿಶ್ರತಳಿ ಇತ್ತು. ಅನ್ನದ ತಟ್ಟೆಯ ಹತ್ತಿರ ಯಾರೂ ಹೋಗುವಂತಿರಲಿಲ್ಲ, ಉಳಿದಂತೆ ಬಂಗಾರ. ಒಂದು ಕುಟುಂಬ ನೋಡಲು ಬಂತು. ಗಂಡ, ಹೆಂಡತಿ, ಐದು ವರ್ಷದ ಮಗು, ಒಬ್ಬರು ಅಜ್ಜಿ. ‘ಕಚ್ಚುತ್ತಾ?’ ಅಂತ ಕೇಳಿದ್ದು ಅಜ್ಜಿಯೇ. ‘ಇಲ್ಲಮ್ಮ, ಪಾಪದ್ದು’ ಅಂದೆ. ಒಂಬತ್ತನೆಯ ದಿನ ಮಗುವಿನ ಕೈಯಿಂದ ದೋಸೆ ಚೂರು ಕೆಳಗೆ ಬಿತ್ತು, ಎತ್ತಲು ಅಜ್ಜಿ ಬಗ್ಗಿದರು. ನಾನು ನೋಡಲು ಹೋದಾಗ ಕೈಗೆ ದಪ್ಪ ಬ್ಯಾಂಡೇಜ್ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ಬೈಯಲಿಲ್ಲ. ‘ಹೇಳಿದ್ದಿದ್ರೆ ನಾನು ಬಗ್ಗುತ್ಲೇ ಇರ್ಲಿಲ್ವಲ್ಲಮ್ಮ’ ಅಂದರು, ಅಷ್ಟೇ.

ನಾಯಿ ವಾಪಸ್ ಬಂತು. ಆಮೇಲೆ ಯಾರಾದರೂ ನೋಡಲು ಬಂದರೆ ಗೂಡಿನ ಹಿಂದಿನ ಗೋಡೆಗೆ ಮುಖ ಮಾಡಿ ಮಲಗುತ್ತಿತ್ತು. ನಾಲ್ಕು ವರ್ಷ ಹಾಗೇ ಇದ್ದು ಅಲ್ಲೇ ಸತ್ತಿತು. ಅದರ ಊಟದ ವಿಷಯ ನಾನು ಮೊದಲೇ ಹೇಳಿದ್ದರೆ ಆ ಮನೆಯವರು ಒಂದೋ ಬೇಡ ಅನ್ನುತ್ತಿದ್ದರು, ಇಲ್ಲವೋ ಹಿತ್ತಲಲ್ಲಿ ಬಾಗಿಲು ಹಾಕಿ ಅನ್ನ ಹಾಕುತ್ತಿದ್ದರು. ಎರಡರಲ್ಲಿ ಯಾವುದಾದರೂ ಆಗುತ್ತಿತ್ತು.

ಸುಳ್ಳು ಬೇಡ ಅಂದ ಕೂಡಲೇ ನೀವು ಹುಡುಗರು ಇನ್ನೊಂದು ತುದಿಗೆ ಓಡುತ್ತೀರಿ. ‘ಅಗ್ರೆಸಿವ್’ ಅಂತ ಒಂದು ಪದ ಗೀಚಿ ಕೈ ತೊಳೆದುಕೊಳ್ಳುತ್ತೀರಿ. ಅದು ನನ್ನ ಸುಳ್ಳಿಗಿಂತ ಕೆಟ್ಟದ್ದು. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ನೆನಪಿದೆಯಲ್ಲ? ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ಆದರೆ ರೇಬೀಸ್ ಇರುವವು, ಅದರ ಅನುಮಾನ ಇರುವವು, ಆಕ್ರಮಣಕಾರಿಯಾಗಿ ವರ್ತಿಸುವವು, ಇವನ್ನು ಬಿಡಬೇಡಿ ಅಂದಿತು. ಕೆಂಚ ಬೀದಿನಾಯಿಯಲ್ಲ, ಸರಿ. ಆದರೂ ಆ ಒಂದು ಪದದ ತೂಕ ಎಷ್ಟು ಅಂತ ನೋಡು. ಬರೆದವರು ಊಟಕ್ಕೆ ಹೋಗುತ್ತಾರೆ, ನಾಯಿ ಜೀವಮಾನವಿಡೀ ಸರಳಿನ ಹಿಂದೆ ಉಳಿಯುತ್ತದೆ.

ಗುಣ ಬರೆಯಬೇಡ, ನಡೆದದ್ದನ್ನು ಬರೆ. ಯಾವಾಗ, ಎಲ್ಲಿ, ಯಾರಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಎಷ್ಟು ಆಳ. ಕೆಂಚನದ್ದು ಹೀಗಿರಲಿ: ‘ಯುಗಾದಿಗೆ ಮುಂಚೆ ಒಂದು ಸಲ, ತಿನ್ನುತ್ತಿದ್ದ ತಟ್ಟೆಯನ್ನು ಎತ್ತಲು ಹೋದವರ ಕೈಗೆ ಬಾಯಿ ಹಾಕಿದ. ಮೊದಲು ಗುರ್ ಅಂದಿದ್ದ, ಅವರು ಕೇಳಿಸಿಕೊಳ್ಳಲಿಲ್ಲ. ಹಲ್ಲಿನ ಎರಡು ಗುರುತು, ಆಳವಿಲ್ಲ, ತಕ್ಷಣ ಬಿಟ್ಟ. ಹೆಲ್ಮೆಟ್ ಹಾಕಿದ ಗಂಡಸರನ್ನು ಕಂಡರೆ ಹಗ್ಗ ಎಳೆದುಕೊಂಡು ಬೊಗಳುತ್ತಾನೆ. ಹೆಲ್ಮೆಟ್ ತೆಗೆದು ಮಾತಾಡಿಸಿದರೆ ಐದು ನಿಮಿಷದಲ್ಲಿ ಸುಮ್ಮನಾಗುತ್ತಾನೆ. ಹೆಂಗಸರ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಾನೆ.’ ಇದು ಜಾತಕ. ಇದನ್ನು ಓದಿಯೂ ಫೋನ್ ಮಾಡುವವರು ನೂರಕ್ಕೆ ಒಬ್ಬರು. ಆ ಒಬ್ಬರೇ ನಮಗೆ ಬೇಕಾದವರು. ಉಳಿದ ತೊಂಬತ್ತೊಂಬತ್ತು ಜನರ ಜೊತೆ ಮಾತಾಡುವ ಶ್ರಮ ಉಳಿಯಿತು ಅಂದುಕೋ.

ಕಡಿತಕ್ಕೂ ಲೆಕ್ಕ ಉಂಟು. ಇಯಾನ್ ಡನ್‌ಬಾರ್ ಅನ್ನುವ ಪಶುವೈದ್ಯರು ಅದನ್ನು 6 ಮಟ್ಟಗಳಾಗಿ ವಿಂಗಡಿಸಿದ್ದಾರೆ. ಹಲ್ಲು ತಾಗದೆ ಬರೀ ಹಾರಿ ಬಂದರೆ ಮೊದಲನೆಯದು, ಹಲ್ಲು ತಾಗಿಯೂ ಚರ್ಮ ತೂತಾಗದಿದ್ದರೆ ಎರಡು, ಒಂದೇ ಕಡಿತದಲ್ಲಿ ಆಳವಲ್ಲದ ಒಂದರಿಂದ ನಾಲ್ಕು ಗಾಯ ಮೂರು. ಹಾಗೆ ಏರುತ್ತ ಪ್ರಾಣ ಹೋಗುವುದು ಆರು. ಕೆಂಚ ಮೂರರಲ್ಲಿದ್ದಾನೆ. ನಾಲ್ಕು ದಾಟಿದ ನಾಯಿಯನ್ನು ಮಕ್ಕಳಿರುವ ಮನೆಗಂತೂ ನಾನು ಕೊಡುವುದಿಲ್ಲ, ಎಷ್ಟೇ ಅಳಲಿ, ಎಷ್ಟೇ ಬೇಡಿಕೊಳ್ಳಲಿ. ಮತ್ತೆ ಇದನ್ನೂ ನೆನಪಿಡು: ಲಸಿಕೆ ಹಾಕಿದ ನಾಯಿಯೇ ಕಚ್ಚಿರಲಿ, ಗಾಯವನ್ನು ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಮೆತ್ತುತ್ತ ಕೂರುವುದಲ್ಲ.

ಗುರ್ ಅಂದದ್ದಕ್ಕೆ ಕೆಂಚನಿಗೆ ಪೆಟ್ಟು ಕೊಟ್ಟ ಪುಣ್ಯಾತ್ಮರೂ ನಮ್ಮಲ್ಲೇ ಇದ್ದಾರೆ. ಗುರ್ ಅನ್ನುವುದು ನಾಯಿಯ ಮರ್ಯಾದೆ ಪುಟ್ಟಿ, ‘ಹತ್ತಿರ ಬರಬೇಡ್ರಪ್ಪ’ ಅಂತ ಬಾಯಿಬಿಟ್ಟು ಹೇಳುವುದು. ಅದಕ್ಕೆ ಹೊಡೆದರೆ ನಾಯಿ ಹೇಳುವುದನ್ನು ನಿಲ್ಲಿಸುತ್ತದೆ, ಕಚ್ಚುವುದನ್ನಲ್ಲ. ಆಮೇಲೆ ಅಂಥ ನಾಯಿಯನ್ನು ಕುರಿತು ‘ಸೂಚನೆಯೇ ಕೊಡದೆ ಕಚ್ಚಿತು’ ಅಂತ ದೂರು ಬೇರೆ. ‘ನಾನು ಯಜಮಾನ ಅಂತ ತೋರಿಸಬೇಕು, ನೆಲಕ್ಕೆ ಒತ್ತಿ ಹಿಡಿಯಬೇಕು’ ಅನ್ನುವ ತರಬೇತುದಾರರು ಬಂದರೆ ಕಾಫಿ ಕೊಟ್ಟು ಕಳಿಸು. ಗುಂಪಿಗೊಬ್ಬ ಯಜಮಾನ, ಅಂದರೆ ಆಲ್ಫಾ, ಅನ್ನುವ ಆ ಕಥೆ ಹುಟ್ಟಿದ್ದು ಆವರಣದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ; ರುಡಾಲ್ಫ್ ಶೆಂಕೆಲ್ ಅನ್ನುವವರು 1947ರಲ್ಲಿ ಬರೆದದ್ದು. ಅದನ್ನು ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ನೋಡಿದ ಮೇಲೆ ಅದು ಸರಿಯಲ್ಲ ಅಂತ 1999ರಲ್ಲಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ನಮ್ಮ ಮನೆಗಳ ಹಾಗೇ.

ತಟ್ಟೆ ಕಾಯುವ ನಾಯಿಗೆ ನಾನು ಮಾಡುವುದು ಇಷ್ಟು. ಅನ್ನ ಹಾಕಿ ದೂರ ನಿಲ್ಲುತ್ತೇನೆ. ಎಷ್ಟು ದೂರ ಅಂದರೆ, ಅವನ ಬೆನ್ನು ಗಟ್ಟಿಯಾಗದಷ್ಟು. ನೀನು ಗಮನಿಸಿದ್ದೀಯೋ ಇಲ್ಲವೋ, ಗುರ್ ಅನ್ನುವುದಕ್ಕೂ ಮುಂಚೆ ಕೆಂಚ ಮೂರು ಮಾತು ಆಡಿರುತ್ತಾನೆ. ತಿನ್ನುವ ವೇಗ ಹೆಚ್ಚಾಗುತ್ತದೆ. ತಲೆ ತಟ್ಟೆಯಲ್ಲೇ ಇದ್ದು ಕಣ್ಣು ಮಾತ್ರ ನಿನ್ನ ಕಡೆ ಹೊರಳಿ, ಬಿಳಿಗುಡ್ಡೆ ಅರ್ಧಚಂದ್ರದ ಹಾಗೆ ಕಾಣುತ್ತದೆ. ಆಮೇಲೆ ಅಗಿಯುವುದೇ ನಿಂತುಹೋಗುತ್ತದೆ. ಅಗಿಯುವುದು ನಿಂತಿತು ಅಂದರೆ ನೀನು ಅತಿ ಹತ್ತಿರ ಬಂದಿದ್ದೀಯ ಅಂತ ಅರ್ಥ. ಹಿಂದಕ್ಕೆ ಸರಿ. ಅಲ್ಲಿಂದಲೇ ಬೇಯಿಸಿದ ಕೋಳಿಯ ಚೂರೊಂದನ್ನು ತಟ್ಟೆಯ ಪಕ್ಕಕ್ಕೆ ಎಸೆದು ನಡೆದುಬಿಡು. ದಿನಕ್ಕೆ ನಾಲ್ಕೈದು ಸಲ. ತಟ್ಟೆಗೆ ಕೈ ಹಾಕಬೇಡ. ಮನುಷ್ಯರು ಬಂದರೆ ಇರುವುದೂ ಹೋಗುತ್ತದೆ ಅಂದುಕೊಂಡಿದ್ದವನು, ಬಂದರೆ ಇನ್ನೂ ಒಳ್ಳೆಯದು ಸಿಗುತ್ತದೆ ಅಂದುಕೊಳ್ಳಬೇಕು. ಎರಡು ತಿಂಗಳಾದೀತು. ಈಗ ನಾನು ಹತ್ತಡಿಯಿಂದ ನಾಲ್ಕಡಿಗೆ ಬಂದಿದ್ದೇನೆ. ನಿನ್ನೆ ನಾನು ಹೋದಾಗ ಬಾಲ ಒಂದೇ ಒಂದು ಸಲ ಆಡಿತು.

ಇದಕ್ಕೆಲ್ಲ ಮುಂಚೆ ಡಾಕ್ಟರಿಗೆ ತೋರಿಸು. ಕೆಂಚನ ಎಡಗಿವಿ ಮುಟ್ಟಿದರೆ ಹಾರಿ ಬೀಳುತ್ತಿದ್ದ, ‘ಮುಟ್ಟಿಸಿಕೊಳ್ಳದ ನಾಯಿ’ ಅಂತ ಆರು ತಿಂಗಳು ಬೈಸಿಕೊಂಡ. ಒಳಗೆ ಸೋಂಕಾಗಿ ಕಪ್ಪು ಗುಗ್ಗೆ ಕಟ್ಟಿತ್ತು. ಔಷಧಿ ಹಾಕಿದ ಮೂರನೆಯ ವಾರ ತಾನೇ ಬಂದು ಆ ಕಿವಿಯನ್ನು ನನ್ನ ಮೊಣಕಾಲಿಗೆ ಉಜ್ಜಿದ. ನೋವನ್ನು ಸ್ವಭಾವ ಅಂದುಕೊಳ್ಳುವುದು ನಮಗೆ ಹೊಸದೇನಲ್ಲ. ನನ್ನ ತರಗತಿಯ ಮಕ್ಕಳಲ್ಲೂ ಕಿವಿ ಸೋರುತ್ತಿದ್ದವರನ್ನು ದಡ್ಡರು ಅಂದಿದ್ದೇವೆ.

ಇನ್ನು ಮನೆಯ ವಿಷಯ. ‘ನಮ್ಮದು ತೋಟದ ಮನೆ, ಬೇಕಾದಷ್ಟು ಜಾಗ ಇದೆ’ ಅಂದ ಕೂಡಲೇ ಹಿಗ್ಗಬೇಡ. ತೋಟಕ್ಕೆ ನಾಯಿ ಬೇಕು ಅನ್ನುವವರಲ್ಲಿ ಅರ್ಧ ಜನಕ್ಕೆ ಬೇಕಾದ್ದು ಗಂಟೆ, ನಾಯಿಯಲ್ಲ. ಪಂಪ್‌ಹೌಸಿನ ಹತ್ತಿರ ಸರಪಣಿ ಹಾಕಿ ಕಟ್ಟಿದರೆ ಬೊಗಳುತ್ತಿರಬೇಕು ಅಷ್ಟೇ. ಮೈಸೂರು, ಮಂಡ್ಯದ ಸುತ್ತಮುತ್ತ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇದೆ. ಕಟ್ಟಿಹಾಕಿದ ನಾಯಿ ಅದಕ್ಕೆ ಬಡಿಸಿಟ್ಟ ಎಲೆ. ರಾತ್ರಿ ಎಲ್ಲಿ ಮಲಗಿಸುತ್ತೀರಿ ಅಂತ ಮೊದಲು ಕೇಳು. ಉತ್ತರ ತಡವರಿಸಿದರೆ ಎದ್ದು ಬಾ.

ಮನೆ ನೋಡಲು ಹೋದಾಗ ನಾಯಿ ಬೇಕು ಅಂತ ಉತ್ಸಾಹದಿಂದ ಮಾತಾಡುವವರನ್ನು ಸ್ವಲ್ಪ ಪಕ್ಕಕ್ಕಿಡು. ಅಡುಗೆಮನೆ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬರು ಸುಮ್ಮನೆ ನಿಂತಿರುತ್ತಾರೆ. ಹಗಲಿಡೀ ನಾಯಿಯ ಜೊತೆ ಇರುವವರು ಅವರೇ. ಅವರನ್ನು ಕೇಳು. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರಾ? ಊರಿಗೆ ಹೋದರೆ ಅನ್ನ ಹಾಕುವವರು ಯಾರು? ಗೇಟಿನ ಕೆಳಗೆ ನಾಯಿ ನುಸುಳುವಷ್ಟು ಸಂದಿ ಇದೆಯಾ? ಹಾಲಿನವರು ಹೆಲ್ಮೆಟ್ ಹಾಕಿಕೊಂಡೇ ಬರುತ್ತಾರಾ? ಇವು ಚಿಲ್ಲರೆ ಪ್ರಶ್ನೆಗಳ ಹಾಗೆ ಕಾಣುತ್ತವೆ, ಆದರೆ ವಾಪಸ್ ಬಂದ ನಾಯಿಗಳ ಕಾರಣ ಕೆದಕಿದರೆ ಸಿಗುವುದು ಇವೇ.

ಎಂಥ ನಾಯಿ ಅಂತ ಗೊತ್ತಿದ್ದೇ ಕೇಳುವವರು ನಮಗೆ ಬೇಕು. ಒಮ್ಮೆ ಬೆಂಗಳೂರಿಗೆ ಹೋದರೆ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ವೀರಗಲ್ಲು ನೋಡಿಕೊಂಡು ಬಾ. ನಾಯಿ, ಹಂದಿ ಕಾದಾಡುವ ಚಿತ್ರ ಇದೆ. 949ರಲ್ಲಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ಗಂಗರ ಅರಸ ಬೂತುಗ ತನ್ನ ಕಡೆಯ ವೀರ ಮಣಲೇರನಿಗೆ ಬೇಕಾದ್ದು ಕೇಳು ಅಂದನಂತೆ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಅದು ಬೇಟೆಯ ನಾಯಿ ಅಂತ ಗೊತ್ತಿದ್ದೇ ಕೇಳಿದ, ದೊಡ್ಡ ಹಂದಿಯ ಮೇಲೆ ಬಿಟ್ಟ, ಎರಡೂ ಒಟ್ಟಿಗೆ ಸತ್ತವು, ಅದಕ್ಕೇ ಕಲ್ಲು. ನಮ್ಮ ಕಾಲದಲ್ಲಿ ಮುಧೋಳ ನಾಯಿಯನ್ನು ಸೊಂಟದ ಅಂದ ನೋಡಿ ಮೂರನೆಯ ಮಹಡಿಯ ಫ್ಲ್ಯಾಟಿಗೆ ತರುತ್ತಾರೆ. ಬೆಕ್ಕಿನ ಹಿಂದೆ ಬಾಣದ ಹಾಗೆ ಹೋದಾಗ ‘ಇದಕ್ಕೆ ಏನೋ ತೊಂದರೆ ಇದೆ’ ಅಂತ ನಮ್ಮ ಗೇಟಿಗೆ ಕಟ್ಟಿ ಹೋಗುತ್ತಾರೆ. ಹಾಗೆ ಅನ್ನ ನೀರಿಲ್ಲದೆ ನರಳುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಒಂದು ಮಸಾಲೆ ದೋಸೆಗೂ ಸಾಲದು.

ಕೊಟ್ಟ ಮೇಲಿನ ಮೊದಲ ದಿನಗಳನ್ನು ಅವರ ಮನೆಯವರಿಗೆ ಕೂರಿಸಿ ಹೇಳಬೇಕು. ಬಂದ ದಿನವೇ ಸ್ನಾನ ಬೇಡ, ನೆಂಟರನ್ನು ಕರೆಯುವುದು ಬೇಡ, ಕತ್ತಿಗೆ ಹಾರ ಹಾಕಿ ಫೋಟೋ ಬೇಡ. ಒಂದು ಕೋಣೆ, ಒಂದು ಗೋಣಿತಾಟು, ನೀರು. ಹೊರಗೆ ಹೋಗುವಾಗ ಎರಡು ಹಗ್ಗ, ಒಂದು ಕತ್ತಿನ ಪಟ್ಟಿಗೆ, ಒಂದು ಮೈಪಟ್ಟಿಗೆ. ಹೊಸ ನಾಯಿ ತಪ್ಪಿಸಿಕೊಂಡು ಓಡುವುದು ಈ ದಿನಗಳಲ್ಲೇ. ಮೂರು ದಿನ ದಿಗಿಲು, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಮನೆ ಅಂತ ನಾವು ಅಂದಾಜು ಹೇಳುತ್ತೇವೆ. ಕೆಂಚನಿಗೆ ಆರು ತಿಂಗಳು ಅಂತ ಹೇಳು. ಬೆಳಿಗ್ಗೆ ಇಂಜೆಕ್ಷನ್, ಮಧ್ಯಾಹ್ನ ಹೊಸ ನೆಂಟರು, ಸಂಜೆ ಪಟಾಕಿ, ಹೀಗೆ ಒಂದರ ಮೇಲೊಂದು ಬಿದ್ದ ದಿನ ಸಾಧು ನಾಯಿಯೂ ಕಚ್ಚೀತು. ಅದಕ್ಕೇ ದೀಪಾವಳಿಯ ಹಿಂದಿನ ವಾರ ನಾನು ಯಾವ ನಾಯಿಯನ್ನೂ ಕಳಿಸುವುದಿಲ್ಲ. ಬಾಯಿಕುಕ್ಕೆಯನ್ನು ಅವನಿಗೆ ನಾವೇ ಈಗಿನಿಂದ ಅಭ್ಯಾಸ ಮಾಡಿಸೋಣ, ಒಳಗೆ ಬೆಲ್ಲದ ಚೂರು ಇಟ್ಟು ಅವನೇ ಮೂತಿ ತೂರಿಸುವ ಹಾಗೆ. ಡಾಕ್ಟರ ಹತ್ತಿರ ಹೋಗುವಾಗ ಬೇಕಾಗುತ್ತದೆ. ಅದು ಶಿಕ್ಷೆಯಲ್ಲ, ಕಾರಿನ ಬೆಲ್ಟಿನ ಹಾಗೆ.

ನಾಯಿ ಕೊಡುವಾಗ ಬರೆಸಿಕೊಳ್ಳುವ ಕಾಗದದಲ್ಲಿ ಒಂದು ಸಾಲು ಕಡ್ಡಾಯವಾಗಿ ಸೇರಿಸು: ಆಗದಿದ್ದರೆ ಬೀದಿಗೆ ಬಿಡಬೇಡಿ, ಬೇರೆಯವರಿಗೆ ದಾಟಿಸಬೇಡಿ, ನಮಗೇ ಕೊಡಿ, ಒಂದು ಮಾತೂ ಆಡದೆ ತೆಗೆದುಕೊಳ್ಳುತ್ತೇವೆ. ಆ ‘ಒಂದು ಮಾತೂ ಆಡದೆ’ ಅನ್ನುವುದನ್ನು ಪಾಲಿಸಬೇಕಾದವರು ನೀವು ಹುಡುಗರು. ವಾಪಸ್ ತಂದವರನ್ನು ಗೇಟಿನಲ್ಲೇ ಬೈದರೆ ಮುಂದಿನವರು ತರುವುದಿಲ್ಲ, ರಿಂಗ್ ರೋಡಿನಲ್ಲಿ ಇಳಿಸಿ ಹೋಗುತ್ತಾರೆ.

ಕೆಲವು ನಾಯಿಗಳಿಗೆ ಮನೆ ಸಿಗುವುದೇ ಇಲ್ಲ. ಹಿಂದಿನ ಸಾಲಿನ ಮುದುಕಿ ಇದ್ದಾಳಲ್ಲ, ಅವಳಿಗೆ ನಾನು ಹುಡುಕುವುದನ್ನು ಬಿಟ್ಟು ಎರಡು ವರ್ಷವಾಯಿತು. ಅವಳಿಗೆ ಗೊತ್ತಿರುವುದು ನಾಲ್ಕು ಕೈ, ಅದು ಅವಳಿಗೆ ಸಾಕು. ಅವಳ ಫೋಟೋ ಹಾಕಬೇಡ.

ಕೆಂಚನ ಜಾತಕ ತಿದ್ದಿ ಕಳಿಸು, ನೋಡುತ್ತೇನೆ. ಸರಸ್ವತಿಪುರದಿಂದ ಭಾನುವಾರ ಬರುವ ದಂಪತಿ ಮೂರನೆಯ ಸಲ ಬರುತ್ತಿರುವುದು. ಮಕ್ಕಳಿಲ್ಲ, ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಹಿತ್ತಲಿಗೆ ಆಳೆತ್ತರದ ಗೋಡೆ ಇದೆ. ಯಜಮಾನರು ಸ್ಕೂಟರಿನಲ್ಲಿ ಬರುತ್ತಾರೆ. ಹೆಲ್ಮೆಟ್ ತಂದು ನನ್ನ ಕೈಗೆ ಕೊಡಲಿ. ಅದನ್ನು ತಲೆಕೆಳಗಾಗಿ ನೆಲದ ಮೇಲಿಟ್ಟು, ಒಳಗೆ ಎರಡು ಚೂರು ಕೋಳಿ ಹಾಕಿ, ಕೆಂಚ ಏನು ಮಾಡುತ್ತಾನೆ ನೋಡಬೇಕು ಅಂತಿದ್ದೇನೆ. ವಾಸನೆ ಹೋಗಲಿಕ್ಕಿಲ್ಲ, ಬೇಜಾರು ಇಲ್ಲ ತಾನೆ ಅಂತ ಮುಂಚೆಯೇ ಅವರಿಗೆ ಫೋನ್ ಮಾಡಿ ಕೇಳಿಬಿಡು.

ನಿನ್ನ ಅತ್ತೆ